ಕೃಷಿ ಜಾಲತಾಣದಿಂದ ಕಮಿಷನ್ ಆದಾಯ
ತಮ್ಮ ಅನುಭವವನ್ನು ಜಾಲತಾಣದಲ್ಲಿ ಬರೆದು, ಅಲ್ಲಿನ ಲಿಂಕ್ ಮೂಲಕ ಓದುಗರು ಸಾಮಗ್ರಿ ಕೊಂಡಾಗ ಮಾರಾಟಗಾರರಿಂದ ಕಮಿಷನ್ ಪಡೆಯುವ ಪದ್ಧತಿಯೇ ಅಫಿಲಿಯೇಟ್ ಮಾರ್ಕೆಟಿಂಗ್.

ಆಯ್ದುಕೊಳ್ಳುವ ವಿಷಯ ಕಿರಿದಾಗಿರಲಿ. ‘ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಎಂತಹ ದೋಟಿ, ಯಾವ ನಾಜಲ್?’ ಎಂದು ಹುಡುಕುವವರು ಮಳೆಗಾಲಕ್ಕೆ ಮುನ್ನ ಬಂದೇ ಬರುತ್ತಾರೆ. ಈ ದ್ರಾವಣ ಕಬ್ಬಿಣದ ಭಾಗಗಳನ್ನು ತಿನ್ನುತ್ತದೆ, ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಬಳಸಿದವರಷ್ಟೇ ಬರೆಯಬಲ್ಲ ಇಂತಹ ವಿವರಗಳೇ ಜಾಲತಾಣದ ಬಂಡವಾಳ.

ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ತಿಂಗಳಿಗೆ 1,000 ಓದುಗರಲ್ಲಿ 5 ಮಂದಿ ತಲಾ ರೂ. 3,000ದ ಸಾಧನ ಕೊಂಡರೆಂದು ಭಾವಿಸಿದರೆ, ಶೇ. 5ರ ದರದಲ್ಲಿ ದೊರೆಯುವುದು ರೂ. 750. ಡೊಮೇನ್, ಹೋಸ್ಟಿಂಗ್ ವೆಚ್ಚಗಳೂ ಇದರಲ್ಲೇ ಕಳೆಯಬೇಕು. ಇದನ್ನು ನಂಬಿ ಸಾಲ ಮಾಡಬಾರದು.

ಕಮಿಷನ್ ಪಡೆಯುವ ಸಂಗತಿಯನ್ನು ಓದುಗರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು. ದಾರಿತಪ್ಪಿಸುವ ಜಾಹೀರಾತು ತಡೆಗೆ 2022ರಲ್ಲಿ ಹೊರಡಿಸಿದ ಕೇಂದ್ರದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಪೀಡೆನಾಶಕಗಳ ಲಿಂಕ್ ಹಾಕದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ರೋಗವನ್ನು ಕಾಣದೆ ಸೂಚಿಸಿದ ಔಷಧಿ ತಪ್ಪಿದರೆ ನಷ್ಟ ಓದುಗರ ತೋಟಕ್ಕೆ, ಕಮಿಷನ್ ಮಾತ್ರ ತಮ್ಮ ಖಾತೆಗೆ. ಸರ್ಕಾರಿ ಸೇವೆಯಲ್ಲಿರುವ ವಿಸ್ತರಣಾ ಕಾರ್ಯಕರ್ತರು ನಡತೆ ನಿಯಮಗಳನ್ನು ಪರಿಶೀಲಿಸದೆ ಇದಕ್ಕೆ ತೊಡಗಬಾರದು.