ಪೂರ್ತಿ ತೆಗೆದ್ರೆ ಮಾತ್ರ ಗುಣ ಆಗುತ್ತಾ?

ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಅಂತ ಗೊತ್ತಾದರೆ ಬಹಳ ಸಲ ಕೇಳಿಬರುವ ಮಾತು ಒಂದೇ: "ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ಮತ್ತೆ ಬರಬಾರದು." ಭಯದಿಂದ, ಪ್ರೀತಿಯಿಂದ ಬರುವ ಮಾತು ಅದು. ಹೆಚ್ಚು ತೆಗೆದಷ್ಟೂ ಹೆಚ್ಚು ಸುರಕ್ಷಿತ ಅನ್ನೋ ಊಹೆ ಅದರ ಹಿಂದಿದೆ. ಊಹೆಯನ್ನು ಡೇಟಾ ನೋಡದೆ ಒಪ್ಪಬೇಡಿ ಅಂತ ನಮಗೆ ಲ್ಯಾಬ್‌ನಲ್ಲಿ ದಿನಾ ಹೇಳ್ತಾರಲ್ಲ, ಇಲ್ಲೂ ಹಾಗೇ ಮಾಡೋಣ.

ಈ ಊಹೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್, ಕ್ಯಾನ್ಸರ್ ಒಂದು ಬಿಂದುವಿನಿಂದ ಸುತ್ತಲೂ ಕ್ರಮವಾಗಿ ಹರಡುತ್ತೆ ಅಂತ ನಂಬಿದ್ದರು. ಹಾಗಾಗಿ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಎದೆ ಗುಳಿ ಬೀಳುತ್ತಿತ್ತು, ಕೈ ಊದಿಕೊಳ್ಳುತ್ತಿತ್ತು. ಹಲವು ದಶಕ ಇದೇ ಪದ್ಧತಿ ನಡೆಯಿತು.

ಇದನ್ನು ಪರೀಕ್ಷೆಗೆ ಒಡ್ಡಿದವರು ಇಟಲಿಯ ಉಂಬರ್ಟೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಶರ್. ಮಿಲಾನ್‌ನಲ್ಲಿ 1973ರಿಂದ 1980ರವರೆಗೆ, 2 ಸೆಂ.ಮೀ. ಮೀರದ ಗಡ್ಡೆಯಿದ್ದ 701 ಮಹಿಳೆಯರನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಆಪರೇಷನ್. ಇನ್ನೊಂದಕ್ಕೆ ಗಡ್ಡೆಯಿದ್ದ ಭಾಗ ಮಾತ್ರ ತೆಗೆದು ರೇಡಿಯೇಷನ್. ಫಿಶರ್ ತಂಡದ್ದೂ ಇಂಥದೇ ಪ್ರಯೋಗ, 1976ರಲ್ಲಿ ಶುರುವಾಯಿತು. 20 ವರ್ಷಗಳ ಫಲಿತಾಂಶ 2002ರಲ್ಲಿ ಬಂತು. ಎರಡೂ ಕಡೆ ಬದುಕುಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವೇ ಇರಲಿಲ್ಲ!

ಯಾಕೆ ಹೀಗೆ? ಈ ಕಾಯಿಲೆಯಲ್ಲಿ ಜೀವಕ್ಕೆ ಕುತ್ತು ತರೋದು ಸಾಮಾನ್ಯವಾಗಿ ಸ್ತನದೊಳಗಿನ ಗಡ್ಡೆಯಲ್ಲ, ರಕ್ತದ ಮೂಲಕ ಮೂಳೆ, ಶ್ವಾಸಕೋಶ, ಯಕೃತ್ತು ಸೇರುವ ಕಣಗಳು. ಅವು ಆಗಲೇ ಹೊರಟಿದ್ದರೆ ಸ್ತನ ಪೂರ್ತಿ ತೆಗೆದರೂ ಹಿಡಿಯೋಕಾಗಲ್ಲ, ಅದಕ್ಕೆ ಔಷಧಿಯೇ ಬೇಕು. ಆದರೆ ರೇಡಿಯೇಷನ್ ಸಾಮಾನ್ಯವಾಗಿ ಬಿಡುವಂತಿಲ್ಲ. ಫಿಶರ್ ಪ್ರಯೋಗದಲ್ಲಿ ಗಡ್ಡೆ ಮಾತ್ರ ತೆಗೆದು ಸುಮ್ಮನಿದ್ದವರಲ್ಲಿ ಸುಮಾರು 39% ಜನರಿಗೆ ಅದೇ ಸ್ತನದಲ್ಲಿ ಮತ್ತೆ ಕ್ಯಾನ್ಸರ್ ಬಂತು. ರೇಡಿಯೇಷನ್ ಪಡೆದವರಲ್ಲಿ ಅದು ಸುಮಾರು 14%.

ಈಗ ಆಪರೇಷನ್ ಹೇಗೆ ನಡೆಯುತ್ತೆ ನೋಡೋಣ. ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಆರೋಗ್ಯವಂತ ಅಂಗಾಂಶದ ಸಮೇತ ತೆಗೆಯುತ್ತಾರೆ. ಮೇಲೆ ಯಾವುದು, ಪಕ್ಕ ಯಾವುದು ಅಂತ ತಿಳಿಯಲು ಆ ತುಣುಕಿಗೆ ದಾರ ಕಟ್ಟುತ್ತಾರೆ, ಹೊರಮೈಗೆ ಶಾಯಿ ಬಳಿಯುತ್ತಾರೆ. ಪೆಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಶಾಯಿಯ ಅಂಚಿಗೆ ಕ್ಯಾನ್ಸರ್ ಕಣ ತಾಗಿರಬಾರದು. ತಾಗಿದ್ದರೆ ಇನ್ನೂ ಸ್ವಲ್ಪ ತೆಗೆಯಬೇಕಾಗಬಹುದು. ನಮ್ಮ ಭಾಷೆಯಲ್ಲಿ ಇದು ಕ್ವಾಲಿಟಿ ಚೆಕ್.

ತೆಗೆದ ಜಾಗದ ಗುಂಡಿಯನ್ನು ಏನು ಮಾಡೋದು? ಹಾಗೇ ಹೊಲಿದರೆ ಕೆಲವರಲ್ಲಿ ಚರ್ಮ ಒಳಗೆ ಎಳೆದುಕೊಳ್ಳುತ್ತೆ. ಕೆಳಭಾಗದಲ್ಲಿ ಗಡ್ಡೆಯಿದ್ದರಂತೂ ಮೊಲೆತೊಟ್ಟು ಹಕ್ಕಿಯ ಕೊಕ್ಕಿನಂತೆ ಕೆಳಕ್ಕೆ ಬಾಗಬಹುದು. ಇಲ್ಲೇ ಆಂಕೋಪ್ಲಾಸ್ಟಿಕ್ ಸರ್ಜರಿ ಬರುವುದು. ಕ್ಯಾನ್ಸರ್ ತೆಗೆಯೋದು, ಆಕಾರ ಕೊಡೋದು ಎರಡನ್ನೂ ಮೊದಲೇ ಸೇರಿಸಿ ಪ್ಲ್ಯಾನ್ ಮಾಡ್ತಾರೆ. ಸ್ತನದ ಗಾತ್ರದಲ್ಲಿ 20%ಗಿಂತ ಕಡಿಮೆ ಹೋಗುವುದಾದರೆ ಅಕ್ಕಪಕ್ಕದ ಅಂಗಾಂಶವನ್ನೇ ಸರಿಸಿ ತುಂಬುವುದು ಸಾಮಾನ್ಯವಾಗಿ ಸಾಕು. ಅದಕ್ಕಿಂತ ಹೆಚ್ಚಾದರೆ ಸ್ತನವನ್ನು ಚಿಕ್ಕದಾಗಿಸುವ ಆಪರೇಷನ್ನಿನ ತಂತ್ರ ಬಳಸುತ್ತಾರೆ, ಇಲ್ಲವೇ ಬೆನ್ನಿನ ಅಥವಾ ಪಕ್ಕೆಯ ಅಂಗಾಂಶವನ್ನು ಅದರ ರಕ್ತನಾಳದ ಸಮೇತ ತಿರುಗಿಸಿ ತರುತ್ತಾರೆ. ಗಡ್ಡೆ ದೊಡ್ಡದಿದ್ದರೆ ಮೊದಲು ಕೀಮೋಥೆರಪಿ ಕೊಟ್ಟು ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡುವುದೂ ಉಂಟು. ರೇಡಿಯೇಷನ್ ಗುರಿ ತಪ್ಪದಿರಲಿ ಅಂತ ಒಳಗೆ ಪುಟ್ಟ ಟೈಟಾನಿಯಂ ಕ್ಲಿಪ್‌ಗಳನ್ನು ಬಿಡುತ್ತಾರೆ.

ಹಾಗಂತ ಎಲ್ಲರಿಗೂ ಇದು ಆಗಲ್ಲ. ಸ್ತನದ ಬೇರೆ ಬೇರೆ ಭಾಗಗಳಿಗೆ ಕ್ಯಾನ್ಸರ್ ವ್ಯಾಪಿಸಿದ್ದರೆ, ಚರ್ಮವೆಲ್ಲ ಕೆಂಪಾಗಿ ಊದುವ ಬಗೆಯದಾಗಿದ್ದರೆ, ಎದೆಗೆ ಹಿಂದೆಯೇ ರೇಡಿಯೇಷನ್ ಆಗಿದ್ದರೆ ಪೂರ್ತಿ ತೆಗೆಯುವುದೇ ಸರಿಯಾಗಬಹುದು. ಆಗಲೂ ಸ್ತನವನ್ನು ಮರುರೂಪಿಸುವ ದಾರಿ ಹಲವರಿಗೆ ಇರುತ್ತೆ.

ಇನ್ನೊಂದು ಅಡ್ಡಿ ದೂರದ್ದು. ರೇಡಿಯೇಷನ್ ಮೊದಲು ಐದು ವಾರ, 25 ಸಲ ಇರುತ್ತಿತ್ತು. ಈಗ ಮೂರು ವಾರ, 15 ಸಲದಲ್ಲಿ 40 ಗ್ರೇ ಕೊಡುವುದು ರೂಢಿಯಲ್ಲಿದೆ. ಒಂದು ಗ್ರೇ ಅಂದ್ರೆ ಕಿಲೋಗ್ರಾಂಗೆ ಒಂದು ಜೂಲ್. ಆದರೂ ಬೀದರ್‌ನಿಂದಲೋ ರಾಯಚೂರಿನಿಂದಲೋ ಬೆಂಗಳೂರಿನ ಕಿದ್ವಾಯಿಗೆ ಬರುವ ಹೆಣ್ಣುಮಗಳಿಗೆ ಮೂರು ವಾರದ ಕೂಲಿ, ವಸತಿ, ಜೊತೆಗೊಬ್ಬರು ಎಲ್ಲಾ ಲೆಕ್ಕವೇ. ಆ ಲೆಕ್ಕ ಕೂಡದಿದ್ದಾಗ ಉಳಿಸಬಹುದಾಗಿದ್ದ ಸ್ತನವೂ ಹೋಗುತ್ತದೆ. ರೇಡಿಯೇಷನ್ ಯಂತ್ರವನ್ನು ಅಗ್ಗವಾಗಿ, ಗಟ್ಟಿಯಾಗಿ ಮಾಡಿ ಜಿಲ್ಲೆ ಜಿಲ್ಲೆಗೆ ಮುಟ್ಟಿಸುವ ಕೆಲಸದಲ್ಲಿ ಡಾಕ್ಟರಷ್ಟೇ ಅಲ್ಲ, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೂ ಪಾಲಿದೆ.

ಸದ್ಯಕ್ಕೆ ನಮ್ಮ ಕೈಲಿರೋದು ಎರಡು. ಅಮ್ಮನೋ ಚಿಕ್ಕಮ್ಮನೋ ಎದೆಯಲ್ಲಿ ಗಂಟು ಅಂದರೆ, ನಾಚಿಕೆ ಬದಿಗಿಟ್ಟು ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಆಪರೇಷನ್ ಅಂದಾಗ "ಸ್ತನ ಉಳಿಸೋಕೆ ಆಗುತ್ತಾ? ಆಗದಿದ್ದರೆ ಯಾಕೆ?" ಅಂತ ಕೇಳುವುದು. ಉತ್ತರ ಬಂದ ಮೇಲೆ, ಯಾವುದು ಬೇಕು ಅಂತ ಹೇಳಬೇಕಾದವರು ಅವರೇ. ವಯಸ್ಸಾಯ್ತು, ಇನ್ನು ಯಾಕೆ ಬೇಕು ಅಂತ ನಾವು ತೀರ್ಮಾನ ಮಾಡೋದು ಬೇಡ.