ಉದ್ಯೋಗ ಮೇಳ: ಪ್ರಶ್ನಿಸುವ ಹಕ್ಕು ಅಭ್ಯರ್ಥಿಗೂ ಇದೆ

ಪದವಿಯ ಕೊನೆಯ ವರ್ಷದಲ್ಲಿರುವವರು ಉದ್ಯೋಗ ಮೇಳಕ್ಕೆ ಮಾಡಿಕೊಳ್ಳುವ ಸಿದ್ಧತೆ ಹೆಚ್ಚಾಗಿ ಒಂದೇ ಬಗೆಯದು: ಸ್ವವಿವರದ ಹತ್ತಾರು ಪ್ರತಿ, ಇಸ್ತ್ರಿ ಮಾಡಿದ ಉಡುಪು, ಕಂಠಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯ. ಉತ್ತರಿಸಲು ಸಜ್ಜಾಗುವ ಇವರಿಗೆ ಪ್ರಶ್ನೆ ಕೇಳುವುದನ್ನು ಕಲಿಸುವವರು ವಿರಳ.

2024ರ ಫೆಬ್ರುವರಿ 26 ಮತ್ತು 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ ನಡೆಸಿದ ‘ಯುವ ಸಮೃದ್ಧಿ ಸಮ್ಮೇಳನ’ದಂಥ ಬೃಹತ್ ಮೇಳಗಳಲ್ಲಿ ಒಂದು ಮಳಿಗೆಯೆದುರು ದೊರೆಯುವುದು ಕೆಲವೇ ನಿಮಿಷ. ಆದ್ದರಿಂದ ಬರಲಿರುವ ಕಂಪನಿಗಳ ಪಟ್ಟಿಯನ್ನು ಮೊದಲೇ ಓದಿ, ತಮ್ಮ ಓದಿಗೆ ಹೊಂದುವ ನಾಲ್ಕೈದನ್ನು ಆರಿಸಿಕೊಂಡು, ಆಯಾ ಕೆಲಸಕ್ಕೆ ತಕ್ಕಂತೆ ಸ್ವವಿವರವನ್ನು ತಿದ್ದಿಕೊಳ್ಳುವುದು ಲೇಸು.

ಮುಖ್ಯವಾದುದು ಸಂಬಳದ ಮಾತು. ‘ವರ್ಷಕ್ಕೆ 3 ಲಕ್ಷ’ ಎಂದೊಡನೆ ತಿಂಗಳಿಗೆ 25 ಸಾವಿರವೆಂದು ಮನೆಯವರು ಲೆಕ್ಕ ಹಾಕುತ್ತಾರೆ. ಆದರೆ ‘ಸಿಟಿಸಿ’ ಎಂಬ ಆ ಮೊತ್ತದೊಳಗೆ ಭವಿಷ್ಯ ನಿಧಿಗೆ ಮಾಲೀಕರು ಕಟ್ಟುವ ಪಾಲು, ಗ್ರಾಚ್ಯುಟಿ, ವಿಮೆಯ ಕಂತು ಸಾಮಾನ್ಯವಾಗಿ ಅಡಗಿರುತ್ತವೆ. ನೌಕರರ ಪಾಲಿನ ಕಡಿತ ಬೇರೆ. ಉಳಿದುದರಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು ಯಾದಗಿರಿಯ ಮನೆಗೆ ಎಷ್ಟು ಕಳುಹಿಸಲಾದೀತು?

ಕೈಗೆ ಬರುವುದೆಷ್ಟು, ಕೆಲಸದ ಊರು ಯಾವುದು, ತರಬೇತಿ ಎಷ್ಟು ತಿಂಗಳು, ಬಾಂಡ್ ಉಂಟೇ ಎಂದು ಕೇಳುವುದು ಉದ್ಧಟತನವಲ್ಲ. ಇಂಗ್ಲಿಷಿನ ಅಳುಕಿನಿಂದ ಈ ಪ್ರಶ್ನೆಗಳನ್ನು ನುಂಗಿಕೊಂಡರೆ ನಷ್ಟ ಅಭ್ಯರ್ಥಿಗೇ. ನೌಕರಿಗಾಗಿ ಠೇವಣಿ ಕೇಳುವವರಿಂದ ದೂರವಿರಬೇಕು. ಮೂಲ ಅಂಕಪಟ್ಟಿಯನ್ನು ಯಾರಲ್ಲಿಯೂ ಬಿಟ್ಟುಬರಬಾರದು.

ಎಷ್ಟು ಮಂದಿಗೆ ನೌಕರಿ ಸಿಕ್ಕಿತೆಂದು ಕಾಲೇಜುಗಳು ಹೆಮ್ಮೆಯಿಂದ ಫಲಕ ಹಾಕುತ್ತವೆ. ಎಂಥ ನೌಕರಿ ಎಂದು ವಿಚಾರಿಸಲು ಕಲಿಸುವುದೂ ಅವುಗಳ ಹೊಣೆಯಲ್ಲವೇ?