ವಲಸೆ ಬಂದ ವಿದ್ಯಾರ್ಥಿಗೆ ವಿಜ್ಞಾನಮಂದಿರದ ಬಾಗಿಲು

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಬಸ್ಸು ರಾಜಾನುಕುಂಟೆಯನ್ನು ದಾಟಿ, ಯಲಹಂಕವನ್ನು ಹಾಯ್ದು, ಬಳ್ಳಾರಿ ರಸ್ತೆಯನ್ನು ಸೇರುತ್ತದೆ. ಅಲ್ಲಿಂದ ಮುಂದಕ್ಕೆ ನಮ್ಮ ದೇಶದ ವಿಜ್ಞಾನದ ಒಂದು ದೊಡ್ಡ ಬೀದಿಯೇ ತೆರೆದುಕೊಳ್ಳುತ್ತದೆಯೆಂದರೆ ತಪ್ಪಾಗದು. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಕೃಷಿ ವಿಶ್ವವಿದ್ಯಾನಿಲಯದ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಮೇಖ್ರಿ ವೃತ್ತದ ಸಮೀಪದಲ್ಲಿ ರಾಮನ್ ಸಂಶೋಧನಾ ಸಂಸ್ಥೆ. ಅದರಾಚೆಗೆ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ, ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ. ಇಷ್ಟೂ ಸುಮಾರು ನಲವತ್ತು ಕಿಲೋಮೀಟರುಗಳ ಹಾದಿ.

ಈ ಹಾದಿಯ ಆಚೆಯ ತುದಿಯಲ್ಲಿ ಬೇರೊಂದು ಲೋಕವಿದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳು ಮತ್ತು ಸಿದ್ಧ ಉಡುಪಿನ ಕಾರ್ಖಾನೆಗಳು, ಬಾಶೆಟ್ಟಿಹಳ್ಳಿ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ, ಹೊಸಕೋಟೆಯ ಪಿಳ್ಳಗುಂಪೆ ಮೊದಲಾದ ಕೈಗಾರಿಕಾ ಪ್ರದೇಶಗಳು, ದೇವನಹಳ್ಳಿಯ ಸುತ್ತ ಎದ್ದಿರುವ ಹೊಸ ಕಟ್ಟಡಗಳು—ಇವು ಒಡಿಶಾ, ಬಿಹಾರ, ಅಸ್ಸಾಂ, ಆಂಧ್ರಗಳಿಂದಲೂ ನಮ್ಮದೇ ರಾಯಚೂರು ಕಲಬುರಗಿಗಳಿಂದಲೂ ಸಾವಿರಾರು ಸಂಸಾರಗಳನ್ನು ಬರಮಾಡಿಕೊಂಡಿವೆ. ತಂದೆತಾಯಿಗಳೊಡನೆ ಬಂದ ಮಕ್ಕಳು ಇಲ್ಲಿಯ ಶಾಲೆಗೆ ಸೇರುತ್ತಾರೆ. ಅವರಲ್ಲಿ ಕೆಲವರು ಚೆನ್ನಾಗಿ ಓದಿ ಪಿ.ಯು. ವಿಜ್ಞಾನ ತರಗತಿಗೂ ಬರುತ್ತಾರೆ. ಅಂಥ ವಿದ್ಯಾರ್ಥಿಯೊಬ್ಬಳು ಆ ಬಸ್ಸಿನ ಕಿಟಕಿಯಿಂದ ಕಾಣುವ ಸಂಸ್ಥೆಗಳಲ್ಲೊಂದನ್ನು ಪ್ರವೇಶಿಸುವ ಸಂಭವವೆಷ್ಟು? ಭಾವುಕತೆಯನ್ನು ಸ್ವಲ್ಪ ಬದಿಗಿಟ್ಟು ಇದನ್ನು ಲೆಕ್ಕದ ಪ್ರಶ್ನೆಯಾಗಿ ನೋಡೋಣ.

‘ಸಂಭವ’ವೆಂದೊಡನೆ ಲಾಟರಿಯ ಚೀಟಿ ನೆನಪಿಗೆ ಬರುವುದು ಸಹಜ. ಆದರೆ ಇಲ್ಲಿ ಹೆಚ್ಚು ಹೊಂದುವ ಉಪಮಾನ ದೃಗ್ವಿಜ್ಞಾನದಲ್ಲಿದೆ. ಒಂದು ದೀಪದ ಮುಂದೆ ಐದು ಬಣ್ಣಗಾಜುಗಳನ್ನು ಸಾಲಾಗಿ ನಿಲ್ಲಿಸಿದೆವೆನ್ನಿ. ಪ್ರತಿಯೊಂದು ಗಾಜೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೮೦ ಭಾಗವನ್ನು ಹಾಯಗೊಡುತ್ತದೆ. ಕೊನೆಗೆ ಉಳಿಯುವುದು ೮೦ ಭಾಗವೇ? ಇಲ್ಲ, ೮೦, ೬೪, ೫೧, ೪೧ ಎಂದು ಇಳಿಯುತ್ತ ಕಟ್ಟಕಡೆಗೆ ಸುಮಾರು ೩೩ ಭಾಗ. ಈಗ ಐದರಲ್ಲೊಂದು ಗಾಜು ಮಸಿ ಹಿಡಿದು ೩೦ ಭಾಗವನ್ನು ಮಾತ್ರ ಬಿಡುವಂತಿದ್ದರೆ ಉಳಿಯುವುದು ೧೨. ಸ್ವಚ್ಛವಾಗಿರುವ ಗಾಜೊಂದನ್ನು ಇನ್ನಷ್ಟು ಉಜ್ಜಿ ೮೦ನ್ನು ೯೦ ಮಾಡಿದರೆ ೧೨ರ ಸ್ಥಾನದಲ್ಲಿ ೧೪ ದೊರೆತೀತು. ಮಸಿ ಹಿಡಿದ ಗಾಜನ್ನು ಒರೆಸಿದರೆ ೩೩ ದೊರೆಯುತ್ತದೆ. ಈ ಅಂಕಿಗಳು ಉದಾಹರಣೆಗೆಂದು ಇಟ್ಟುಕೊಂಡವು. ಗುಣಾಕಾರದ ನಿಯಮ ಮಾತ್ರ ನಿಜವಾದದ್ದು. ನಮ್ಮ ವಿದ್ಯಾರ್ಥಿಯ ಮುಂದಿರುವ ಗಾಜುಗಳೆಂದರೆ ಶಾಲೆಯ ದಾಖಲೆ, ಪ್ರಮಾಣಪತ್ರ, ವಿಷಯಗಳ ಆಯ್ಕೆ, ಭಾಷೆ ಮತ್ತು ಪ್ರವೇಶ ಪರೀಕ್ಷೆ. ತಂದೆತಾಯಿಗಳೂ ಉಪಾಧ್ಯಾಯರೂ ಕಡೆಯದೊಂದನ್ನೇ ಉಜ್ಜುತ್ತ ಕೂರುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ.

ಮೊದಲು ರಾಜ್ಯದ ಬಾಗಿಲು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ.ಯ ಮೂಲಕ ತುಂಬುವ ಇಂಜಿನಿಯರಿಂಗ್, ಕೃಷಿವಿಜ್ಞಾನ ಮೊದಲಾದ ಸರ್ಕಾರಿ ಸ್ಥಾನಗಳಿಗೆ ತಂದೆಯ ಊರು ಯಾವುದು, ಮನೆಯ ಮಾತು ಯಾವುದು ಎಂದು ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ಅನ್ವಯಿಸುವ ನಿಯಮವಿಷ್ಟೆ: ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದೊಳಗಿನ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು. ಹತ್ತನೆಯ ತರಗತಿಯ ಅಥವಾ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಒಂದನ್ನಾದರೂ ಇಲ್ಲಿಯೇ ಬರೆದು ಉತ್ತೀರ್ಣರಾಗಿರಬೇಕು. ಆರನೆಯ ತರಗತಿಗೆ ಬಂದು ಸೇರಿದ ಮಗು ಇಲ್ಲಿಯೇ ಮುಂದುವರಿದರೆ ಏಳು ವರ್ಷಗಳು ಸರಿಯಾಗಿ ತುಂಬುತ್ತವೆ. ಏಳನೆಯದಕ್ಕೆ ಬಂದರೆ ಒಂದು ವರ್ಷ ಕಡಮೆ. ಒಂದು ಜೂನ್ ತಿಂಗಳಿನ ಅಂತರದಿಂದ ಹುಡುಗಿಯೊಬ್ಬಳು ‘ಕರ್ನಾಟಕದ ವಿದ್ಯಾರ್ಥಿ’ಯಾಗುವುದೂ ಆಗದಿರುವುದೂ ಗೊತ್ತಾಗಿಬಿಡುತ್ತದೆ!

ಆದ್ದರಿಂದ ಕಟ್ಟಡದ ಕೆಲಸ ಮುಗಿದು ಸಂಸಾರವು ದೇವನಹಳ್ಳಿಯಿಂದ ಹೊಸಕೋಟೆಗೆ ಎದ್ದುಹೋದಾಗ ಮಗು ನಡುವೆ ಶಾಲೆ ಬಿಟ್ಟ ಆ ಒಂದು ವರ್ಷ, ಅಥವಾ ಮಾನ್ಯತೆಯಿಲ್ಲದ ಕೇಂದ್ರವೊಂದರಲ್ಲಿ ಕಳೆದ ವರ್ಷ, ಆಗ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ; ಎಂಟು ವರ್ಷಗಳ ಅನಂತರ ಅದು ಎಣಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಗಾವಣೆ ಪತ್ರ ಕೈಗೆ ಬಂದಿಲ್ಲವೆಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವವರುಂಟು. ಹಾಗೆ ಮಾಡಬೇಕಾದ ಅಗತ್ಯವೇ ಇಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೆಯ ತರಗತಿಯವರೆಗಿನ ಪ್ರಾಥಮಿಕ ಶಿಕ್ಷಣದಲ್ಲಿ ವರ್ಗಾವಣೆ ಪತ್ರ ತಡವಾಯಿತೆಂಬುದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂಬುದಾಗಲಿ ಪ್ರವೇಶವನ್ನು ನಿರಾಕರಿಸಲು ಕಾರಣವಾಗತಕ್ಕದ್ದಲ್ಲ; ವಯಸ್ಸಿಗೆ ತಕ್ಕ ತರಗತಿಗೇ ಮಗುವನ್ನು ಸೇರಿಸಿಕೊಳ್ಳಬೇಕು.

ಪ್ರಸಂಗವಶಾತ್ ಇನ್ನೊಂದು ಮಾತು. ನಮ್ಮದು ಗ್ರಾಮಾಂತರ ಜಿಲ್ಲೆಯಾದ್ದರಿಂದ ಇಲ್ಲಿ ಓದಿದವರಿಗೆಲ್ಲ ಗ್ರಾಮೀಣ ಮೀಸಲಾತಿ ದೊರೆಯುತ್ತದೆಂದು ಹಲವರು ನಂಬಿದ್ದಾರೆ. ಆ ಮೀಸಲಾತಿ ನೋಡುವುದು ಜಿಲ್ಲೆಯ ಹೆಸರನ್ನಲ್ಲ, ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ ಶಾಲೆ ನಗರ ಪ್ರದೇಶದ ಹೊರಗಿದೆಯೇ ಎಂಬುದನ್ನು. ದೊಡ್ಡಬಳ್ಳಾಪುರದ ಪೇಟೆಯಲ್ಲಿರುವ ಶಾಲೆ ಗ್ರಾಮಾಂತರ ಜಿಲ್ಲೆಯಲ್ಲಿದ್ದರೂ ಈ ಲೆಕ್ಕಕ್ಕೆ ನಗರದ ಶಾಲೆಯೇ.

ಎರಡನೆಯ ಗಾಜು ಜಾತಿ ಪ್ರಮಾಣಪತ್ರ. ಇಲ್ಲಿ ತಿಳಿವಳಿಕೆಯ ಕೊರತೆಯಿಂದಾಗುವ ನಷ್ಟ ಅತ್ಯಂತ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿಗಳು ಸಂವಿಧಾನದ ೩೪೧ ಮತ್ತು ೩೪೨ನೆಯ ಅನುಚ್ಛೇದಗಳ ಮೇರೆಗೆ ರಾಜ್ಯರಾಜ್ಯಕ್ಕೂ ಬೇರೆಯಾಗಿ ಪ್ರಕಟವಾದವು. ಲಂಬಾಣಿಗಳನ್ನೇ ತೆಗೆದುಕೊಳ್ಳಿ: ಕರ್ನಾಟಕದಲ್ಲಿ ಅವರದು ಪರಿಶಿಷ್ಟ ಜಾತಿ, ಗಡಿಯಾಚೆ ಆಂಧ್ರಪ್ರದೇಶದಲ್ಲಿ ಲಂಬಾಡಿ ಅಥವಾ ಸುಗಾಲಿ ಎಂಬ ಹೆಸರಿನಿಂದ ಪರಿಶಿಷ್ಟ ಪಂಗಡ. ಹಾಗಾದರೆ ಅನಂತಪುರದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಕೆಲಸಕ್ಕೆ ಬಂದ ಲಂಬಾಡಿ ಸಂಸಾರದ ಮಗಳು ಯಾವ ವರ್ಗಕ್ಕೆ ಸೇರಿದವಳು?

೧೯೯೦ರಲ್ಲಿ ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶದ ಸಂಬಂಧವಾಗಿ ಬಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಇದನ್ನು ವಿಚಾರಮಾಡಿತು. ಆಂಧ್ರದಿಂದ ತಂದೆಯೊಡನೆ ಬಂದ ವಿದ್ಯಾರ್ಥಿ ಅಲ್ಲಿಯ ಪಂಗಡದ ಸೌಲಭ್ಯವನ್ನು ಮಹಾರಾಷ್ಟ್ರದಲ್ಲಿ ಕೇಳಿದ್ದ. ಮೂಲ ರಾಜ್ಯದ ಸ್ಥಾನಮಾನವನ್ನು ವಲಸೆ ಬಂದ ರಾಜ್ಯದ ಮೀಸಲು ಸ್ಥಾನಗಳಿಗೆ ಹೊತ್ತುತರಲಾಗದು ಎಂಬುದು ಕೋರ್ಟಿನ ತೀರ್ಮಾನ. ಅದರಂತೆ ನಮ್ಮ ಹುಡುಗಿಗೆ ಕರ್ನಾಟಕದ ಸಿ.ಇ.ಟಿ.ಯಲ್ಲಿ ಮೀಸಲಾತಿಯಿಲ್ಲ; ಅವಳು ಇಲ್ಲಿಯೇ ಹುಟ್ಟಿದ್ದರೂ ತಂದೆಯ ಮೂಲಸ್ಥಾನವೇ ಪ್ರಮಾಣ. ಇಷ್ಟನ್ನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೇಳಿ ಬಂದ ತಂದೆ, ಎಲ್ಲಿಯೂ ಇಲ್ಲವೆಂದೇ ತಿಳಿದು ಕೈಚೆಲ್ಲುತ್ತಾನೆ. ತಪ್ಪಾಗುವುದು ಇಲ್ಲಿಯೇ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಅವಳ ಆಂಧ್ರದ ಸ್ಥಾನಮಾನ ಪೂರ್ಣವಾಗಿ ಊರ್ಜಿತ. ಅಲ್ಲಿ ಅವಳು ಪರಿಶಿಷ್ಟ ಪಂಗಡದ ವಿದ್ಯಾರ್ಥಿನಿಯೇ. ತಂದೆಗೆ ಮೂಲ ಜಿಲ್ಲೆಯಲ್ಲಿ ಕೊಟ್ಟ ಪ್ರಮಾಣಪತ್ರವನ್ನು ಆಧಾರವಾಗಿಟ್ಟುಕೊಂಡು ವಲಸೆ ಬಂದ ಸ್ಥಳದ ಅಧಿಕಾರಿಯೂ, ಮೂಲ ರಾಜ್ಯವನ್ನು ನಮೂದಿಸಿ, ಮಗಳಿಗೆ ಪತ್ರ ಕೊಡಲು ಅವಕಾಶವುಂಟು. ರಾಜ್ಯದ ಬಾಗಿಲಿನಲ್ಲಿ ಕಪ್ಪಾಗಿರುವ ಗಾಜು ಕೇಂದ್ರದ ಬಾಗಿಲಿನಲ್ಲಿ ತಿಳಿಯಾಗಿದೆ.

ಈ ಎರಡನೆಯ ಬಾಗಿಲಿಗೆ ಈಗ ಹೋಗೋಣ. ಭಾರತೀಯ ವಿಜ್ಞಾನ ಸಂಸ್ಥೆಯು ೨೦೧೧ರಿಂದ ಪಿ.ಯು.ಸಿ. ಮುಗಿಸಿದವರನ್ನು ನಾಲ್ಕು ವರ್ಷಗಳ ವಿಜ್ಞಾನ ಪದವಿಗೆ ತೆಗೆದುಕೊಳ್ಳುತ್ತಿದೆ; ಅದಕ್ಕೆಂದೇ ಬೇರೆ ಪರೀಕ್ಷೆ ನಡೆಸದೆ ಅಖಿಲಭಾರತ ಪರೀಕ್ಷೆಗಳ ಫಲಿತಾಂಶವನ್ನು ಆಧರಿಸುತ್ತದೆ. ೨೦೦೬ರಲ್ಲಿ ಪುಣೆ ಮತ್ತು ಕಲ್ಕತ್ತಗಳಲ್ಲಿ ಆರಂಭವಾಗಿ ಇಂದು ಮೊಹಾಲಿ, ಭೋಪಾಲ, ತಿರುವನಂತಪುರ, ತಿರುಪತಿ, ಬೆರ್ಹಾಂಪುರಗಳೂ ಸೇರಿ ಏಳಾಗಿರುವ ‘ಐಸರ್’ ಎಂಬ ವಿಜ್ಞಾನ ಶಿಕ್ಷಣ ಸಂಸ್ಥೆಗಳಿಗೆ ಅವುಗಳದೇ ಅಭಿಕ್ಷಮತಾ ಪರೀಕ್ಷೆಯಿದೆ. ಇಲ್ಲೆಲ್ಲ ಏಳು ವರ್ಷಗಳ ನಿಯಮವಿಲ್ಲ. ದೊಡ್ಡಬಳ್ಳಾಪುರಕ್ಕೆ ಹತ್ತನೆಯ ತರಗತಿಯ ಅನಂತರ ಬಂದವಳೂ ಇಲ್ಲಿಯೇ ಹುಟ್ಟಿ ಬೆಳೆದವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೀಸಲಾತಿ ಪರಿಶಿಷ್ಟ ಜಾತಿಗೆ ನೂರಕ್ಕೆ ೧೫, ಪಂಗಡಕ್ಕೆ ೭.೫, ಇತರ ಹಿಂದುಳಿದ ವರ್ಗಗಳಿಗೆ ೨೭, ಆರ್ಥಿಕವಾಗಿ ದುರ್ಬಲರಾದವರಿಗೆ ೧೦.

ನಿಯಮಗಳು ಹೀಗೆ ಅಚ್ಚಾಗಿರುವುದು ಸಣ್ಣ ವಿಷಯವಲ್ಲ. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದು ಬೆಂಗಳೂರಿಗೆ ಬಂದ ಕಮಲಾ ಭಾಗವತ್ ಅವರಿಗೆ, ಹೆಣ್ಣೆಂಬ ಒಂದೇ ಕಾರಣದಿಂದ, ಸರ್ ಸಿ. ವಿ. ರಾಮನ್ ಅವರು ಪ್ರವೇಶವನ್ನು ನಿರಾಕರಿಸಿದರು. ಅವರು ಪಟ್ಟುಬಿಡದೆ ನಿಂತುದರಿಂದ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಳ್ಳಲಾಯಿತು. ಮುಂದೆ ಕಮಲಾ ಸೊಹೋನಿಯೆಂದು ಪ್ರಸಿದ್ಧರಾದ ಅವರು ೧೯೩೯ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಅದೇ ಸಂಸ್ಥೆಗೆ, ಹಿಟ್ಲರನ ಜರ್ಮನಿಯಿಂದ ಹೊರಬಿದ್ದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ೧೯೩೫ರಲ್ಲಿ ಬರಮಾಡಿಕೊಂಡವರೂ ರಾಮನ್ನರೇ ಎಂಬುದು ಸ್ವಾರಸ್ಯದ ಸಂಗತಿ. ಈ ಸಲ ಅಡ್ಡಬಂದವರು ಇತರರು. ಬಾರ್ನರಿಗೆ ಇಲ್ಲಿ ಖಾಯಂ ಸ್ಥಾನ ದೊರೆಯಲಿಲ್ಲ. ೧೯೩೬ರಲ್ಲಿ ಅವರು ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾದರು. ೧೯೫೪ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಅಚ್ಚಾಗದ ನಿಯಮವನ್ನು ಹೊರಗಿನವರು ಓದಿಕೊಳ್ಳುವುದಾದರೂ ಹೇಗೆ?

ಇನ್ನು ಉಳಿದ ಗಾಜುಗಳು. ಐಸರ್ ಪರೀಕ್ಷೆಯಲ್ಲಿ ಜೀವವಿಜ್ಞಾನ, ರಸಾಯನವಿಜ್ಞಾನ, ಗಣಿತ, ಭೌತವಿಜ್ಞಾನಗಳಿಂದ ತಲಾ ೧೫ರಂತೆ ೬೦ ಪ್ರಶ್ನೆಗಳಿರುತ್ತವೆ. ಕಾಲ ೧೮೦ ನಿಮಿಷ. ಸಂಜೆ ಮನೆಯ ಕೆಲಸವಿರುವ ಹುಡುಗಿಗೆ ಹೊರೆ ಕಡಮೆಯಾಗಲೆಂದು ಪಿ.ಯು.ನಲ್ಲಿ ಜೀವವಿಜ್ಞಾನವನ್ನೋ ಗಣಿತವನ್ನೋ ಬಿಡಿಸಿದರೆ ನಾಲ್ಕನೆಯ ಒಂದು ಭಾಗದ ಪ್ರಶ್ನೆಗಳು ಅಪರಿಚಿತವಾಗಿಬಿಡುತ್ತವೆ. ಹದಿನಾರನೆಯ ವಯಸ್ಸಿನಲ್ಲಿ, ಪ್ರವೇಶದ ಅರ್ಜಿಯ ಮೇಲೆ ಎರಡು ನಿಮಿಷದಲ್ಲಿ ಆಗುವ ನಿರ್ಧಾರ ಅದು.

ಪ್ರಶ್ನೆಪತ್ರಿಕೆಯ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಐ.ಐ.ಟಿ.ಗಳ ‘ಅಡ್ವಾನ್ಸ್‌ಡ್’ ಪರೀಕ್ಷೆಯೂ ಹೀಗೆಯೇ. ಜೆ.ಇ.ಇ. ಮೈನ್ ಮಾತ್ರ ೨೦೨೧ರಿಂದ ಕನ್ನಡವೂ ಸೇರಿದಂತೆ ೧೩ ಭಾಷೆಗಳಲ್ಲಿ ನಡೆಯುತ್ತಿದೆ. ಮನೆಯಲ್ಲಿ ಒಡಿಯಾ ಆಡಿ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತು, ಪಿ.ಯು.ನಲ್ಲಿ ಇಂಗ್ಲಿಷಿಗೆ ಹೊರಳಿದವಳಿಗೆ ‘ವೇಗೋತ್ಕರ್ಷ’ ಗೊತ್ತು, ‘ಆಕ್ಸಲರೇಷನ್’ ತಡೆದು ಬರುತ್ತದೆ. ಬಿಹಾರದಿಂದ ಬಂದವಳಿಗೆ ಹಿಂದಿ ಮಾತೃಭಾಷೆಯೇ ಇರಬಹುದು. ಆದರೆ ಹಿಂದಿಯಲ್ಲಿ ಅವಳು ವಿಜ್ಞಾನವನ್ನು ಓದಿಯೇ ಇಲ್ಲ. ಪ್ರತಿ ಪ್ರಶ್ನೆಗೆ ದೊರೆಯುವುದು ಮೂರು ನಿಮಿಷ. ಓದಿ ಅರ್ಥಮಾಡಿಕೊಳ್ಳಲು ಅರ್ಧ ನಿಮಿಷ ಹೆಚ್ಚು ಬೇಕಾದರೆ ಒಟ್ಟು ಅರ್ಧ ಗಂಟೆ ಹೋಯಿತು, ಎಂದರೆ ಹತ್ತು ಪ್ರಶ್ನೆಗಳು. ಈ ತೆರಿಗೆಯನ್ನು ತೆರುವವರಲ್ಲಿ ವಲಸೆಯವರಷ್ಟೇ ಇಲ್ಲ. ಹೊಸಕೋಟೆಯ ಹಳ್ಳಿಯ ಕನ್ನಡ ಶಾಲೆಯಿಂದ ಬಂದ ನಮ್ಮ ಹುಡುಗನೂ ಅಷ್ಟನ್ನೇ ತೆರುತ್ತಾನೆ. ಊರು ಬಿಡದೆಯೇ ಅವನು ಭಾಷೆಯಲ್ಲಿ ವಲಸಿಗನಾಗಿದ್ದಾನೆ.

ಅರ್ಧ ತಿಳಿದ ಪ್ರಶ್ನೆಯನ್ನು ಏನು ಮಾಡಬೇಕು? ಸರಿಯುತ್ತರಕ್ಕೆ ೪ ಅಂಕ. ತಪ್ಪಿಗೆ ೧ ಕಳೆಯುತ್ತಾರೆ. ಖಚಿತವಿಲ್ಲದಿದ್ದರೆ ಮುಟ್ಟಬೇಡವೆಂಬುದು ರೂಢಿಯ ಉಪದೇಶ. ಲೆಕ್ಕ ಬೇರೆ ಹೇಳುತ್ತದೆ. ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೂ ನಾಲ್ಕು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿ, ಮೂರು ತಪ್ಪು. ೪ರಲ್ಲಿ ೩ ಹೋಗಿ ೧ ಉಳಿಯಿತು. ತಪ್ಪೆಂದು ನಿಶ್ಚಯವಾದ ಎರಡನ್ನು ಬಿಟ್ಟು ಉಳಿದೆರಡರಲ್ಲಿ ಆರಿಸಿದರೆ ಪ್ರಶ್ನೆಯೊಂದಕ್ಕೆ ಸರಾಸರಿ ಲಾಭ ಒಂದೂವರೆ ಅಂಕ. ಹಾಗೆಂದು ಇಪ್ಪತ್ತು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕುವುದು ಜಾಣತನವಲ್ಲ; ಸರಾಸರಿ ಲಾಭ ೫ ಅಂಕವಾದರೆ ಏರಿಳಿತ ಸುಮಾರು ೧೦ ಅಂಕಗಳಷ್ಟು. ಮೂರನೆಯ ಭಾಷೆಯಲ್ಲಿ ಓದುವವಳಿಗೆ ಅರೆತಿಳಿವಿನ ಪ್ರಶ್ನೆಗಳೇ ಹೆಚ್ಚಾದ್ದರಿಂದ ಈ ಸಣ್ಣ ಗಣಿತ ಅವಳಿಗೆ ಇತರರಿಗಿಂತ ಹೆಚ್ಚು ಉಪಯುಕ್ತ.

ವಲಸೆ ಒಂದೇ ದಿಕ್ಕಿನಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಹುಟ್ಟಿ, ತಂದೆತಾಯಿಗಳೊಡನೆ ದೇವನಹಳ್ಳಿಯ ಹೊಸ ಬಡಾವಣೆಗೆ ಮರಳಿದ ಕನ್ನಡದ ಮಕ್ಕಳೂ ಇದ್ದಾರೆ. ಸಾಗರೋತ್ತರ ಭಾರತೀಯ ಪೌರರೆಂಬ ಚೀಟಿ ಪಡೆದ ಇವರು ಮೊದಲು ಪ್ರವೇಶದ ಮಟ್ಟಿಗೆ ಭಾರತೀಯರಂತೆಯೇ ಪರಿಗಣಿತರಾಗುತ್ತಿದ್ದರು. ೨೦೨೧ರ ಮಾರ್ಚ್ ೪ರ ಅಧಿಸೂಚನೆ ಅದನ್ನು ಬದಲಿಸಿತು. ೨೦೨೩ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಆ ದಿನಕ್ಕೆ ಮುಂಚೆ ಚೀಟಿ ಪಡೆದವರಿಗೆ ಹಳೆಯ ಹಕ್ಕು ಉಳಿಯುತ್ತದೆಂದು ತೀರ್ಪಿತ್ತಿತು. ಸಿರಿವಂತರ ಮಗುವಿಗೂ ಒಂದು ತಾರೀಖಿನ ಗಾಜು ಅಡ್ಡವಾಗಿದೆಯೆಂದಾಯಿತು. ಅದನ್ನು ಓದಿ ಹೇಳುವ ವಕೀಲರು ಅವರಿಗುಂಟು, ಅಷ್ಟೇ ವ್ಯತ್ಯಾಸ.

ಮಗ್ಗದವರ ಮಗಳಿಗೆ ಅಂಥವರಿಲ್ಲದಿರುವುದರಿಂದ ಕಾಲದ ವಿಚಾರವನ್ನು ಹೇಳಬೇಕು. ದ್ವಿತೀಯ ಪಿ.ಯು.ಸಿ.ಯಲ್ಲಿ ಪ್ರಯೋಗಶಾಲೆಯ ಪರೀಕ್ಷೆ, ವಾರ್ಷಿಕ ಪರೀಕ್ಷೆ ಮತ್ತು ಪ್ರವೇಶದ ಅರ್ಜಿಗಳು ಒಟ್ಟಾಗಿ ಬಂದು ಮೇಲೆ ಬೀಳುತ್ತವೆ; ಆಗ ಬೆರ್ಹಾಂಪುರಕ್ಕೋ ಅನಂತಪುರಕ್ಕೋ ಹೋಗಿ ತಂದೆಯ ಹಳೆಯ ಪ್ರಮಾಣಪತ್ರವನ್ನು ಹುಡುಕಿಸುವ ವ್ಯವಧಾನ ಯಾರಿಗಿದೆ? ಎಸ್.ಎಸ್.ಎಲ್.ಸಿ. ಮುಗಿದ ಬೇಸಗೆಯಲ್ಲಿ, ಊರಿಗೆ ಹೇಗೂ ಹೋಗುವಾಗ, ಪರಿಶಿಷ್ಟ ವರ್ಗದವರು ಈ ಕೆಲಸವನ್ನು ಮುಗಿಸಿಕೊಳ್ಳಬಹುದು. ಇತರ ಹಿಂದುಳಿದ ವರ್ಗಗಳ ಮತ್ತು ಆರ್ಥಿಕ ದುರ್ಬಲರ ಪತ್ರಗಳು ಮಾತ್ರ ಆದಾಯಕ್ಕೆ ಸಂಬಂಧಪಟ್ಟವಾದ್ದರಿಂದ ಪ್ರವೇಶದ ವರ್ಷದ ಏಪ್ರಿಲ್ ೧ರ ಅನಂತರ ಕೊಟ್ಟವಾಗಿರಬೇಕು. ಅವುಗಳಿಗೆ ಬೇಕಾದ ಆಧಾರಗಳನ್ನು ಮೊದಲೇ ಕೂಡಿಸಿಟ್ಟುಕೊಂಡು, ಏಪ್ರಿಲ್ ಮೊದಲ ವಾರದಲ್ಲಿಯೇ ಕಚೇರಿಯ ಕಿಟಕಿಯ ಮುಂದೆ ನಿಲ್ಲತಕ್ಕದ್ದು.